ಸಾಣೆಯವನ ಅರ್ಜಿ

ನಾನು ಪುಸ್ತಕ ಕಟ್ಟುವವನೇ ಹೊರತು ಓದುವವನಲ್ಲ. ಇಪ್ಪತ್ತಾರು ವರ್ಷದಿಂದ ಬೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಎಷ್ಟೋ ಪಂಡಿತರ ಜ್ಞಾನ ನನ್ನ ಕೈಯಿಂದ ಹಾದುಹೋಗಿದೆ. ಬೆರಳಿಗೆ ಅಂಟಿಕೊಂಡದ್ದು ಅಂಟು ಮಾತ್ರ. ಓದುತ್ತ ಕೂತರೆ ಅಂಟು ಒಣಗುತ್ತದೆ ಎಂದು ಕೆಲಸ ಕಲಿಸಿದವರು ಮೊದಲ ದಿನವೇ ಹೇಳಿದ್ದರು. ಆ ಮಾತನ್ನು ಜೀವನದಲ್ಲಿ ಒಂದೇ ಒಂದು ಸಲ ಮೀರಿದೆ. ಮಾಡಿದ್ದುಣ್ಣೋ ಮಹಾರಾಯ ಅಂತ ದೊಡ್ಡವರು ಸುಮ್ಮನೆ ಹೇಳಲಿಲ್ಲ. ನಾನು ಏಳು ತಿಂಗಳಿಂದ ಉಣ್ಣುತ್ತಿದ್ದೇನೆ.

ಮೊದಲು ನಮ್ಮ ಚರ್ಚಿನ ಬಗ್ಗೆ ಹೇಳಬೇಕು. ನಮ್ಮದು ಪ್ರೆಸ್ಬಿಟೇರಿಯನ್ ಚರ್ಚು. ಅಂದರೆ ನಮ್ಮಲ್ಲಿ ಬಿಷಪ್ಪರಿಲ್ಲ, ಜನ ಆರಿಸಿದ ಹಿರಿಯರಿದ್ದಾರೆ. ಬೇರೆ ಕಡೆ ಒಬ್ಬರು ಹೇಳಿದ್ದನ್ನು ಹತ್ತು ಜನ ಕೇಳುತ್ತಾರೆ. ನಮ್ಮಲ್ಲಿ ಹತ್ತು ಜನ ಹೇಳುತ್ತಾರೆ, ಕೇಳಲು ಯಾರೂ ಉಳಿದಿರುವುದಿಲ್ಲ. ಬಾಗಿಲ ಚಿಲಕ ಬದಲಿಸಬೇಕಾದರೂ ಹಿರಿಯರ ಸಭೆ ಕೂಡಬೇಕು, ಒಬ್ಬರು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ಕಾರ್ಯದರ್ಶಿ ಹಿರಿಯರು ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ಆ ಪುಸ್ತಕವನ್ನು ವರ್ಷಕ್ಕೊಮ್ಮೆ, ಸುತ್ತಲ ಚರ್ಚುಗಳೆಲ್ಲ ಸೇರಿದ ಮೇಲಿನ ಸಭೆಗೆ ಒಯ್ದರೆ ಅವರು ಕೊನೆಯಲ್ಲಿ ‘ಪರಿಶೀಲಿಸಲಾಗಿದೆ, ಸರಿಯಾಗಿದೆ’ ಎಂದು ಬರೆದು ರುಜು ಹಾಕುತ್ತಾರೆ. ಅಲ್ಲಿಗೆ ಮುಗಿಯಿತು. ಸೂರ್ಯ ಪಶ್ಚಿಮದಲ್ಲಿ ಹುಟ್ಟಿದನೆಂದು ನಡಾವಳಿಯಲ್ಲಿದ್ದು ಕೆಳಗೆ ರುಜು ಬಿದ್ದಿದ್ದರೆ, ನಮ್ಮವರು ಬೆಳಿಗ್ಗೆ ಎದ್ದು ಪಶ್ಚಿಮದ ಕಿಟಕಿ ತೆರೆದು ಕಾಯುತ್ತಾರೆ.

ಹೋದ ವರ್ಷ ನಮ್ಮ ಹಿರಿಯರ ಸಭೆಯ ತೀರಾ ಹಳೆಯ ನಡಾವಳಿ ಪುಸ್ತಕ ನನ್ನ ಅಂಗಡಿಗೆ ಬಂತು. ನೂರು ವರ್ಷಕ್ಕೂ ಹಿಂದಿನದು. ಹೊಲಿಗೆ ಕಿತ್ತು, ಬೆನ್ನು ಕಳಚಿ, ಬಿಡಿ ಹಾಳೆಗಳಾಗಿತ್ತು. ಸಾಲದ್ದಕ್ಕೆ ಹುಳು ಬೇರೆ ಕೊರೆದಿತ್ತು. ಕಾರ್ಯದರ್ಶಿ ಹಿರಿಯರು ಅದನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟು, ಗಟ್ಟಿಯಾಗಿ ಕಟ್ಟಿಕೊಟ್ಟರೆ ಸಾಕು, ಅಲಂಕಾರವೆಲ್ಲ ನಿನ್ನ ಕೈಲಾಗುವುದಿಲ್ಲ ಎಂದರು. ಕೈಲಾಗುವುದಿಲ್ಲ ಅಂದದ್ದು ನನಗೆ ಚುಚ್ಚಿತು. ಮೂರು ಅಂಚಿಗೂ ಚಿನ್ನದ ಬಣ್ಣ ಹಿಡಿಸಿ ಮೇಲಿನ ಸಭೆಯವರ ಕಣ್ಣು ಕುಕ್ಕಿಸದಿದ್ದರೆ ನಾನು ಬೈಂಡರೇ ಅಲ್ಲ ಎಂದುಕೊಂಡೆ.

ಬಣ್ಣ ಹಿಡಿಯಬೇಕಾದರೆ ಅಂಚು ನುಣ್ಣಗಿರಬೇಕು. ಹಾಳೆಗಳನ್ನು ಜೋಡಿಸಿ ಕಟಿಂಗ್ ಮೆಷಿನ್ನಿಗೆ ಕೊಟ್ಟೆ. ಮೇಲ್ಗಡೆ ಬೆರಳಗಲ ಹೆಚ್ಚಾಗಿಯೇ ಹೋಯಿತು. ಚೂರುಗಳನ್ನು ಗುಡಿಸಿ ಒಲೆಗೆ ಹಾಕಿದ ಮೇಲೆ ತಿಳಿದದ್ದೇನೆಂದರೆ, ಪ್ರತಿ ಹಾಳೆಯ ಪುಟಸಂಖ್ಯೆ ಮತ್ತು ವರ್ಷ ಆ ಬೆರಳಗಲದಲ್ಲೇ ಇದ್ದವು. ಹೋದರೆ ಹೋಗಲಿ, ಹಾಳೆಗಳು ಕ್ರಮವಾಗಿಯೇ ಇವೆಯಲ್ಲ ಎಂದು ಕಟ್ಟನ್ನು ಎತ್ತಿಕೊಂಡು ತಿರುಗಿದೆ. ಮೊಣಕೈ ಅಂಟಿನ ಡಬ್ಬಕ್ಕೆ ತಾಗಿತು. ಡಬ್ಬ ಬೀಳದಂತೆ ಹಿಡಿಯಲು ಹೋದೆ. ಡಬ್ಬ ಉಳಿಯಿತು.

ನೆಲದ ತುಂಬ ಚರ್ಚಿನ ಚರಿತ್ರೆ ಹರಡಿತ್ತು. ಒಂದೊಂದೇ ಹಾಳೆ ಎತ್ತಿ ನೋಡಿದರೆ ಎಲ್ಲದರಲ್ಲೂ ‘ಮೇಲೆ ಬರೆದ ವರ್ಷದ ಸಭೆ’ ಎಂದೇ ಇತ್ತು. ಆ ಮೇಲೆ ಎಂಬುದು ಒಲೆಯಲ್ಲಿ ಬೂದಿಯಾಗಿತ್ತು. ಹಾಗಾಗಿ ಬೇರೆ ದಾರಿ ಕಾಣದೆ ನಾನು ಓದಲು ಕೂತೆ. ಒಂದು ಹಾಳೆ ಅರ್ಧ ವಾಕ್ಯದಲ್ಲಿ ನಿಂತರೆ ಅದರ ಉಳಿದರ್ಧ ಯಾವ ಹಾಳೆಯಲ್ಲಿದೆ ಎಂದು ಹುಡುಕುವುದು, ಸಿಕ್ಕಿದ್ದನ್ನು ಪಕ್ಕಕ್ಕಿಡುವುದು. ಮೂರು ದಿನ ಊಟ ನಿದ್ದೆ ಬಿಟ್ಟು ಜೋಡಿಸಿದೆ. ಕೊನೆಗೆ ಒಂದು ಹಾಳೆಯೂ ಮಿಗದೆ ಎಲ್ಲ ಕೂಡಿಕೊಂಡಾಗ, ಇಷ್ಟು ದಿನ ಓದದೆ ಇದ್ದದ್ದು ದಡ್ಡತನ ಅನಿಸಿತು.

ಪುಸ್ತಕ ಕಂಡು ಹಿರಿಯರ ಸಭೆ ಬೆರಗಾಯಿತು. ಎಲ್ಲರೂ ಅಂಚನ್ನು ಸವರಿದರು, ಬೆನ್ನನ್ನು ತಟ್ಟಿದರು, ಒಬ್ಬರು ಮೂಸಿಯೂ ನೋಡಿದರು. ತೆರೆದವರು ಯಾರೂ ಇಲ್ಲ. ಪುಸ್ತಕ ಸರಿಯಾಗಿದೆಯೆಂದು ನಿರ್ಣಯವಾಯಿತು. ಮೇಲಿನ ಸಭೆಯವರು ಕೊನೆಯ ಪುಟ ಮಾತ್ರ ತೆರೆದು ರುಜು ಹಾಕಿ ಕಳಿಸಿದರು. ನನ್ನ ಎದೆ ಎರಡು ಅಂಗುಲ ಉಬ್ಬಿತು.

ಇನ್ನು ನನ್ನ ಮಗಳು. ಅವಳು ನಮ್ಮಂತಲ್ಲ, ಓದುವವಳು. ಪಾದ್ರಿಗಳನ್ನು ತಯಾರು ಮಾಡುವ ನಮ್ಮವರ ಕಾಲೇಜಿನಲ್ಲಿ ಚರಿತ್ರೆ ಓದಬೇಕೆಂದು ಎರಡು ವರ್ಷ ಅರ್ಜಿ ಹಾಕಿ ಎರಡು ವರ್ಷವೂ ಸೀಟು ಸಿಗದೆ ಮನೆಯಲ್ಲಿದ್ದಳು. ಉಳಿದ ದಾರಿ ಒಂದೇ. ಆ ಕಾಲೇಜು ಪ್ರೆಸ್ಬಿಟೇರಿಯನ್ ಚರ್ಚಿನ ಚರಿತ್ರೆಯ ಮೇಲೆ ವಿದ್ಯಾರ್ಥಿಗಳಿಗೆ ಪ್ರಬಂಧ ಸ್ಪರ್ಧೆ ಇಡುತ್ತದೆ. ಗೆದ್ದವರಿಗೆ ಸೀಟು ಖಾತ್ರಿ. ಅವಳು ಸಂಜೆ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದಳು, ಸ್ಪರ್ಧೆಗೆ ವಿದ್ಯಾರ್ಥಿನಿ ಎನಿಸಿಕೊಳ್ಳಲು ಅಷ್ಟೇ ಸಾಕಾಯಿತು. ವಯಸ್ಸಿನ ಮಿತಿ ಇದ್ದದ್ದರಿಂದ ಅವಳಿಗೆ ಅದೇ ಕೊನೆಯ ವರ್ಷ. ಅವಳು ಪ್ರಬಂಧಕ್ಕೆ ಆರಿಸಿಕೊಂಡದ್ದು ನಾನು ಕಟ್ಟಿದ ಪುಸ್ತಕವನ್ನು.

ಅದರಲ್ಲಿ ಅವಳಿಗೆ ಸಿಕ್ಕವನು ಒಬ್ಬ ಸಾಣೆ ಹಿಡಿಯುವವನು. ಆ ಕಾಲದಲ್ಲಿ, ಯೇಸುವಿನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಕೂರಬೇಕಾದರೆ ಹಿರಿಯರು ಮನೆಮನೆಗೆ ಹೋಗಿ ನಡತೆ ವಿಚಾರಿಸಿ, ಯೋಗ್ಯರೆಂದು ಕಂಡವರಿಗೆ ಒಂದೊಂದು ಸೀಸದ ಬಿಲ್ಲೆ ಕೊಡುತ್ತಿದ್ದರಂತೆ. ಬಿಲ್ಲೆ ಇಲ್ಲದವರು ಬಾಗಿಲಾಚೆ. ಈ ಸಾಣೆಯವನು ಕೆಲಸ ಮಾಡಬಾರದ ಭಾನುವಾರದಂದು ಚಕ್ರ ತಿರುಗಿಸಿದನೆಂದು ಅವನ ಬಿಲ್ಲೆ ಕಿತ್ತುಕೊಂಡರು. ಅವನು ಅಂದು ಸಾಣೆ ಹಿಡಿದದ್ದು ಡಾಕ್ಟರ ಕತ್ತಿಗೆ. ಆ ಕತ್ತಿಯಿಂದ ಕುಯ್ದದ್ದು ಒಬ್ಬ ಹಿರಿಯರ ಬೆನ್ನಿನ ಕುರುವನ್ನು. ಬೆನ್ನು ವಾಸಿಯಾದ ಮೇಲೆ ಬಿಲ್ಲೆ ಕಿತ್ತುಕೊಳ್ಳಬೇಕೆಂದು ಸೂಚಿಸಿದವರು ಅದೇ ಹಿರಿಯರು. ಮುಂದೆ ಹನ್ನೆರಡು ವರ್ಷ, ಭೋಜನ ಬಂದಾಗಲೆಲ್ಲ ಅವನು ಬಾಗಿಲಲ್ಲಿ ನಿಂತು ಬಿಲ್ಲೆ ಕೇಳಿದ. ಪ್ರತಿ ಸಲವೂ ಒಂದೇ ಸಾಲು: ‘ಅರ್ಜಿ ಬಂದಿತು. ಮುಂದಿನ ಸಭೆಗೆ ಇಡಲಾಯಿತು.’ ಹನ್ನೆರಡನೆಯ ವರ್ಷದ ಹಾಳೆ ‘ಸಾಣೆಯವನು ಬಾಗಿಲಲ್ಲಿ ನಿಂತು ಅತ್ತನು. ಹಿರಿಯರು ಯೋಚಿಸಿ’ ಎಂಬಲ್ಲಿಗೆ ಮುಗಿಯುತ್ತದೆ. ಮಗುಚಿದರೆ ಮುಂದಿನ ಹಾಳೆ: ‘ಎಲ್ಲರೂ ಎದ್ದು ನಿಂತು, ಕೈಹಿಡಿದು ಕರೆತಂದು, ಮುಂದಿನ ಬೆಂಚಿನಲ್ಲಿ ಕೂರಿಸಿದರು.’

ಮಗಳು ಇದನ್ನು ಓದಿ ಹೇಳುವಾಗ ನನ್ನಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಮೂಗು ಒರೆಸಿಕೊಂಡೆ. ಪ್ರಬಂಧದ ಮೊದಲ ಪುಟದಲ್ಲಿ ಅವಳು ‘ಒಂದು ಹಾಳೆಯೂ ಸ್ಥಾನ ತಪ್ಪದಂತೆ ಈ ಚರಿತ್ರೆಯನ್ನು ಕಾಪಾಡಿದ ನನ್ನ ತಂದೆಗೆ’ ಎಂದು ಬರೆದಳು. ಬಹುಮಾನ ಬಂತು. ಸೀಟಿನ ಪತ್ರವೂ ಅದರ ಜೊತೆಗೇ ಬಂತು. ಅವಳು ಆ ಪತ್ರವನ್ನು ಓದಿ, ಮಡಿಸಿ, ಮತ್ತೆ ಬಿಚ್ಚಿ ಓದಿ, ಅಡಿಗೆಮನೆಗೆ ಹೋಗಿ ಸದ್ದಿಲ್ಲದೆ ಅತ್ತುಬಂದಳು.

ಚರ್ಚಿನಲ್ಲಿ ಆದದ್ದನ್ನು ಏನು ಹೇಳಲಿ. ಗಡಿಯಾರ ರಿಪೇರಿಯ ಹಿರಿಯರಿಗೂ ಔಷಧಿ ಅಂಗಡಿಯ ಹಿರಿಯರಿಗೂ ಹನ್ನೊಂದು ವರ್ಷದಿಂದ ಮಾತಿಲ್ಲ. ಪಾದ್ರಿಗಳ ಪ್ರಸಂಗದ ಹೊತ್ತಿಗೆ ಕಿಟಕಿ ತೆರೆದಿರಬೇಕೋ ಮುಚ್ಚಿರಬೇಕೋ ಎಂಬುದು ಜಗಳ. ಸಾಣೆಯವನನ್ನೇ ಕ್ಷಮಿಸಿದ ಸಭೆ ನಮ್ಮದು ಎಂದು ಇಬ್ಬರೂ ಅಪ್ಪಿಕೊಂಡು, ಕಿಟಕಿಯನ್ನು ಅರ್ಧ ತೆರೆದಿಡುವುದೆಂದು ಒಪ್ಪಿದರು. ಪಕ್ಕದ ಮನೆಯ ಟೈಲರಮ್ಮ ನಮ್ಮಿಂದ ಒಯ್ದು ನಾಲ್ಕು ವರ್ಷವಾಗಿದ್ದ ಏಣಿಯನ್ನು ತಂದುಕೊಟ್ಟರು. ಮುಂದಿನ ಬೆಂಚನ್ನು ಸಾಣೆಯವನ ನೆನಪಿಗೆ ಖಾಲಿ ಬಿಡಬೇಕೆಂದು ಸೂಚನೆ ಬಂತು. ಆ ಬೆಂಚಿನಲ್ಲಿ ಹೇಗೂ ಯಾರೂ ಕೂರುತ್ತಿರಲಿಲ್ಲವಾದ್ದರಿಂದ ಅದು ಸರ್ವಾನುಮತದಿಂದ ಪಾಸಾಯಿತು.

ಬಹುಮಾನ ಸಮಾರಂಭಕ್ಕೆ ನಾಲ್ಕು ದಿನ ಇರುವಾಗ ಪುಸ್ತಕವನ್ನು ವೇದಿಕೆಯಲ್ಲಿಡಲು ಪುಟದ ಗುರುತಿಗೆ ರೇಷ್ಮೆಯ ದಾರ ಹಾಕಿಕೊಡೆಂದು ನನಗೆ ಕಳಿಸಿದರು. ದಾರವನ್ನು ಆ ಪ್ರಸಿದ್ಧ ಹಾಳೆಯಲ್ಲೇ ಇಡೋಣವೆಂದು ತೆರೆದೆ. ಬೈಂಡರನ ಕಣ್ಣು ಅಕ್ಷರಕ್ಕಿಂತ ಮೊದಲು ತೂತು ನೋಡುತ್ತದೆ. ಸಾಣೆಯವನು ಅತ್ತ ಹಾಳೆಯಲ್ಲಿ ಹುಳುವಿನ ತೂತು ಎರಡು, ಕಡಲೆ ಗಾತ್ರದವು. ಮಗುಚಿದೆ. ಕೈಹಿಡಿದು ಕೂರಿಸಿದ ಹಾಳೆಯಲ್ಲಿ ತೂತೇ ಇಲ್ಲ.

ಹುಳು ಕೊರೆಯುತ್ತ ಹೋದರೆ ನಡುವೆ ಒಂದು ಹಾಳೆ ಬಿಟ್ಟು ನೆಗೆಯುವುದಿಲ್ಲ. ಅದಕ್ಕೆ ಅಷ್ಟು ಬುದ್ಧಿಯಿದ್ದರೆ ಹಿರಿಯರ ಸಭೆಗೆ ಸೇರುತ್ತಿತ್ತು. ಪುಸ್ತಕದ ತುಂಬ ಹುಡುಕಿದೆ. ಆ ಎರಡು ತೂತು ನಲವತ್ತು ಹಾಳೆ ಆಚೆ, ಹೆಂಚು ರಿಪೇರಿಯ ಲೆಕ್ಕದ ನಡುವೆ ಒಂದು ಹಾಳೆಯಲ್ಲಿ ಸಿಕ್ಕಿದವು. ಅದು ಹೀಗೆ ಶುರುವಾಗುತ್ತಿತ್ತು: ‘ಅರ್ಜಿಯನ್ನು ಮುಂದಿನ ಸಭೆಗೆ ಇಟ್ಟರು. ಮುಂದಿನ ಸಭೆಯ ಹೊತ್ತಿಗೆ ಅರ್ಜಿದಾರನು ತೀರಿಕೊಂಡಿದ್ದರಿಂದ, ಅರ್ಜಿಯನ್ನು ಅದರ ಮುಂದಿನ ಸಭೆಗೆ ಇಟ್ಟರು.’ ಹೆಂಚಿನ ಬಗ್ಗೆ ಅರ್ಜಿ ಕೊಟ್ಟ ಯಾರೋ ಸತ್ತನೆಂದು ಮಗಳು ಅದನ್ನು ದಾಟಿಹೋಗಿದ್ದಳು. ಅದರ ಹಿಂದಿನ ಹಾಳೆ ಹೊಸ ಪಾದ್ರಿಯೊಬ್ಬರು ಬಂದರೆಂಬಲ್ಲಿಗೆ ಮುಗಿದಿತ್ತು; ಎಲ್ಲರೂ ಎದ್ದು ನಿಂತು ಕೈಹಿಡಿದದ್ದು ಅವರನ್ನು.

ಅತ್ತ ದರಿ ಇತ್ತ ಪುಲಿ. ಮಗಳಿಗೆ ಹೇಳಲು ಬಾಯಿ ಬರಲಿಲ್ಲ. ನನ್ನಾಕೆಗೆ ಹೇಳಿದೆ. ಅವಳು ತರಕಾರಿ ಹೆಚ್ಚುತ್ತಿದ್ದವಳು ಕತ್ತಿಯನ್ನು ಕೆಳಗೂ ಇಡದೆ, “ರೀ, ಇಪ್ಪತ್ತಾರು ವರ್ಷದಲ್ಲಿ ನಿಮ್ಮ ತಪ್ಪಿಂದ ಒಬ್ಬರಿಗೆ ಒಳ್ಳೇದಾಗಿದ್ರೆ ಇದೊಂದೇ. ಅದನ್ನೂ ಕೆಡಿಸ್ಬೇಡಿ” ಎಂದಳು.

ಪಾದ್ರಿಗಳ ಬಳಿ ಹೋದೆ. ಪುಟಗಳು ಅದಲುಬದಲಾಗಿವೆ ಎಂದೆ. ಅವರು ಕಣ್ಣು ಮುಚ್ಚಿ, ನಾವೆಲ್ಲರೂ ಪುಟ ಅದಲುಬದಲಾದ ಪುಸ್ತಕಗಳೇ ಅಲ್ಲವೇ ಎಂದು ನಿಟ್ಟುಸಿರು ಬಿಟ್ಟರು. ನಾನು ಹೇಳುತ್ತಿರುವುದು ನಿಜವಾದ ಪುಟ, ನಿಜವಾದ ಪುಸ್ತಕ ಎಂದೆ. ಅವರು ಆ ಮಾತನ್ನೂ ಮುಂದಿನ ಭಾನುವಾರದ ಪ್ರಸಂಗಕ್ಕೆ ಬರೆದುಕೊಂಡರು.

ಕಾರ್ಯದರ್ಶಿ ಹಿರಿಯರು ಮಾತ್ರ ಪೂರ್ತಿ ಕೇಳಿದರು. ತೂತುಗಳನ್ನೂ ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, “ಇದನ್ನ ನೀನು ಸೂಚನೆಯಾಗಿ ಮಂಡಿಸ್ತಿದೀಯಾ, ಸುಮ್ನೆ ಹೇಳ್ತಿದೀಯಾ?” ಎಂದು ಕೇಳಿದರು.

“ಸುಮ್ನೆ ಹೇಳ್ತಿದೀನಿ.”

“ಹಾಗಾದ್ರೆ ನಾನು ಕೇಳಿಸ್ಕೊಂಡಿಲ್ಲ.”

ಸೂಚನೆಯಾಗಿಯೇ ಮಂಡಿಸುತ್ತೇನೆ ಎಂದೆ. ಸೂಚನೆ ಮಂಡಿಸಲು ನಾನು ಹಿರಿಯನಾಗಿರಬೇಕಂತೆ. ಹಿರಿಯನಾಗಲು ಚುನಾವಣೆಯಾಗಬೇಕಂತೆ. ಅದಕ್ಕೆ ಇನ್ನೂ ಎರಡು ವರ್ಷವಿದೆಯಂತೆ. ಅಲ್ಲದೆ ಮೇಲಿನ ಸಭೆ ಸರಿಯಾಗಿದೆ ಎಂದು ರುಜು ಹಾಕಿದ ಪುಸ್ತಕವನ್ನು ಒಂದು ಹುಳು ತಪ್ಪೆಂದು ಹೇಳಲು ನಮ್ಮ ನಿಯಮಾವಳಿಯಲ್ಲಿ ಅವಕಾಶವಿಲ್ಲವಂತೆ.

ಸಮಾರಂಭದ ದಿನ ಚರ್ಚು ತುಂಬಿತ್ತು, ಮುಂದಿನ ಬೆಂಚೊಂದನ್ನು ಬಿಟ್ಟು. ಮಗಳು ತನ್ನ ತಾಯಿಯ ಮದುವೆಯ ಸೀರೆ ಉಟ್ಟು ಪ್ರಬಂಧ ಓದಿದಳು. ‘ಒಂದು ಹಾಳೆಯೂ ಸ್ಥಾನ ತಪ್ಪದಂತೆ’ ಎಂದು ಓದುವಾಗ ತಲೆಯೆತ್ತಿ ನನ್ನನ್ನೇ ನೋಡಿ ನಕ್ಕಳು. ನಾನು ಆ ನಗುವನ್ನು ತಡೆದುಕೊಂಡು ಕೂತಿದ್ದರೆ ಇವತ್ತು ಅವಳು ಕಾಲೇಜಿನಲ್ಲಿರುತ್ತಿದ್ದಳು. ತಡೆಯಲಾಗಲಿಲ್ಲ. ಎದ್ದು ನಿಂತುಬಿಟ್ಟೆ. ಪುಸ್ತಕ ತಪ್ಪಾಗಿ ಕಟ್ಟಿದ್ದೇನೆ, ಪುಟಸಂಖ್ಯೆ ಕತ್ತರಿಸಿದವನೂ ನಾನೇ, ಹಾಳೆ ಬೀಳಿಸಿದವನೂ ನಾನೇ, ಸಾಣೆಯವನಿಗೆ ಬಿಲ್ಲೆ ಸಿಗಲೇ ಇಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ.

ಚರ್ಚಿನ ತುಂಬ ಚಪ್ಪಾಳೆ. ಹೊಗಳಿಕೆ ತಾಳಲಾರದೆ ತನ್ನನ್ನೇ ಹಳಿದುಕೊಳ್ಳುವ ಇಂಥ ದೀನಭಾವವನ್ನು ತಾವು ಕಂಡಿಲ್ಲವೆಂದು ಪಾದ್ರಿಗಳು ಹೇಳಿದರು. ಗಡಿಯಾರದ ಹಿರಿಯರು ಬಂದು ನನ್ನ ಕೈಹಿಡಿದರು, ಔಷಧಿಯ ಹಿರಿಯರು ಇನ್ನೊಂದು ಕೈ ಹಿಡಿದರು, ನಾನು ಬೇಡ ಬೇಡ ಅನ್ನುತ್ತಿದ್ದರೂ ಇಬ್ಬರೂ ಎಳೆದುಕೊಂಡು ಹೋಗಿ ಸಾಣೆಯವನ ಬೆಂಚಿನಲ್ಲೇ ಕೂರಿಸಿದರು. ಇಂಗು ತಿಂದ ಮಂಗನ ಹಾಗೆ ಕೂತೆ. ಮೊದಲ ಸಲ ಕೇಳಿದವರಲ್ಲಿ ನನ್ನ ಮಾತನ್ನು ನಂಬಿದವಳು ಆ ಇಡೀ ಚರ್ಚಿನಲ್ಲಿ ಮಗಳೊಬ್ಬಳೇ. ಅವಳು ವೇದಿಕೆಯ ಮೇಲಿದ್ದ ಪುಸ್ತಕವನ್ನು ತೆರೆದು ಒಂದು ಹಾಳೆ ಎತ್ತಿ ಬೆಳಕಿಗೆ ಹಿಡಿದಳು. ಎರಡು ತೂತುಗಳಿಂದ ಎರಡು ಚುಕ್ಕೆ ಬೆಳಕು ಅವಳ ಕೆನ್ನೆಯ ಮೇಲೆ ಬಿತ್ತು.

ಮನೆಗೆ ಬಂದ ಮೇಲೆ ಸೀರೆಯನ್ನೂ ಬದಲಿಸದೆ ನನ್ನೆದುರು ಕೂತಳು.

“ಯಾವಾಗ ಗೊತ್ತಾಯ್ತು ಅಪ್ಪ?”

“ನಾಲ್ಕು ದಿನ ಆಯ್ತು.” ಯಾರ್ಯಾರಿಗೆ ಹೇಳಿದೆ ಎಂಬುದನ್ನೂ ಬಿಡಿಸಿ ಹೇಳಿದೆ.

“ಅಮ್ಮಂಗೆ ಹೇಳಿದೀಯ, ಪಾದ್ರಿಗಳಿಗೆ ಹೇಳಿದೀಯ, ಕಾರ್ಯದರ್ಶಿಗೆ ಹೇಳಿದೀಯ. ನಂಗೆ ಮಾತ್ರ ಎಲ್ಲರ ಮುಂದೆ ಹೇಳ್ದೆ.” ಆಮೇಲೆ, “ಜೋಡಿಸೋವಾಗ ಆ ಇನ್ನೊಂದು ಹಾಳೆ ನಿನ್ನ ಕಣ್ಣಿಗೇ ಬೀಳಲಿಲ್ವಾ?” ಎಂದಳು.

ಇಲ್ಲಿ ಒಂದು ಸುಳ್ಳು ಹೇಳಿದ್ದರೆ ನಡೆಯುತ್ತಿತ್ತು. ಹಾಳಾದ ಬಾಯಿ, ನಿಜ ಹೇಳಿಬಿಟ್ಟಿತು. ಎರಡೂ ಹಾಳೆ ನನ್ನ ಕೈಯಲ್ಲೇ ಇದ್ದವು. ಎರಡೂ ಆ ಅರ್ಧ ವಾಕ್ಯಕ್ಕೆ ಕೂಡುತ್ತಿದ್ದವು. ಹನ್ನೆರಡು ವರ್ಷ ಬಾಗಿಲಲ್ಲಿ ನಿಂತವನು, ಪಾಪ ಅನಿಸಿತು. ಒಳ್ಳೆಯದನ್ನು ಇಟ್ಟೆ. ಇನ್ನೊಂದನ್ನು ಹೆಂಚಿನ ನಡುವೆ ಸೇರಿಸಿ ಮರೆತುಬಿಟ್ಟಿದ್ದೆ.

ಅವಳು, “ಹಾಗಾದ್ರೆ ಅವನನ್ನ ಕ್ಷಮಿಸಿದ್ದು ನೀನೊಬ್ಬನೇ” ಎಂದು ಹೇಳಿ ಎದ್ದುಹೋದಳು.

ಮಾರನೆಯ ದಿನ ಬಹುಮಾನ ವಾಪಸು ಮಾಡುವುದಾಗಿ ಪತ್ರ ಬರೆದಳು, ಸೀಟೂ ಬೇಡವೆಂದಳು. ನನ್ನಾಕೆ ಅತ್ತು ಕರೆದು ಕಾಲು ಹಿಡಿಯುವುದೊಂದು ಬಾಕಿ. ಸುಳ್ಳಿನ ಮೇಲೆ ಚರಿತ್ರೆ ಓದಲು ಹೋಗಲಾರೆ ಎಂದು ಮಗಳು ಹಠ ಹಿಡಿದಳು. ಸೀಟನ್ನು ಕಾಲೇಜು ಕೂಡಲೇ ತೆಗೆದುಕೊಂಡಿತು, ಅದಕ್ಕೆ ನಿಯಮವಿತ್ತು. ಅದು ಎರಡನೆಯ ಸ್ಥಾನದಲ್ಲಿದ್ದ ಔಷಧಿ ಹಿರಿಯರ ಅಣ್ಣನ ಮಗನಿಗೆ ಹೋಯಿತು. ಅವನ ಪ್ರಬಂಧವೂ ನನ್ನ ಪುಸ್ತಕದಿಂದಲೇ ಬಂದದ್ದು, ಹೆಂಚು ರಿಪೇರಿಯ ಬಗ್ಗೆ. ಬಹುಮಾನವನ್ನು ಮಾತ್ರ ವಾಪಸು ಪಡೆಯಲು ನಿಯಮವಿರಲಿಲ್ಲ. ಪಡೆಯಬೇಕೆಂದು ಗಡಿಯಾರದ ಹಿರಿಯರು, ಕೂಡದೆಂದು ಔಷಧಿಯ ಹಿರಿಯರು ಪಟ್ಟು ಹಿಡಿದು, ಈಗ ಮತ್ತೆ ಇಬ್ಬರಿಗೂ ಮಾತಿಲ್ಲ. ಕಿಟಕಿ ಮುಚ್ಚಿದೆ. ಟೈಲರಮ್ಮ ಏಣಿ ಒಯ್ದಿದ್ದಾರೆ. ಗೆದ್ದವರ ಫಲಕದಲ್ಲಿ ಚಿನ್ನದ ಅಕ್ಷರದಲ್ಲಿ ನನ್ನ ಮಗಳ ಹೆಸರಿದೆ. ಪುಸ್ತಕ ಕಬ್ಬಿಣದ ಬೀರುವಿನಲ್ಲಿ, ಸರಿಯಾಗಿದೆ ಎಂಬ ರುಜುವಿನೊಂದಿಗೆ ಭದ್ರವಾಗಿದೆ.

ಮಗಳು ಈಗ ನನ್ನ ಅಂಗಡಿಯಲ್ಲೇ ಕೂರುತ್ತಾಳೆ. ಹಾಳೆ ಎಣಿಸುವುದು ಅವಳ ಕೆಲಸ. ಪ್ರತಿ ಕಟ್ಟನ್ನು ಮೂರು ಸಲ ಎಣಿಸಿ, ಕೆಳಗಡೆ ಪೆನ್ಸಿಲಿನಲ್ಲಿ ಅಂಕಿ ಹಾಕಿ ನನಗೆ ಕೊಡುತ್ತಾಳೆ. ನಾನು ಅವಸರದಲ್ಲಿ ಸೂಜಿಗೆ ಕೈಹಾಕಿದರೆ, ತಡಿ, ಎಣಿಸಿಲ್ಲ ಅನ್ನುತ್ತಾಳೆ. ಕಟಿಂಗ್ ಮೆಷಿನ್ನಿನ ಹತ್ತಿರ ನನ್ನನ್ನು ಬಿಡುವುದಿಲ್ಲ. ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ನನ್ನ ಪಾಲನ್ನು ನನ್ನ ಕಡೆ ಸರಿಸುತ್ತಾಳೆ, ತಲೆ ಎತ್ತುವುದಿಲ್ಲ.

ಪ್ರತಿ ತಿಂಗಳು ಮೊದಲ ವಾರ ನಾನು ಒಂದು ಸಲ ಕೇಳುತ್ತೇನೆ. ಮೊನ್ನೆಯೂ ಕೇಳಿದೆ. ಅಂಟಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಅವಳ ಮೇಜಿನ ಹತ್ತಿರ ಹೋಗಿ ನಿಂತು, “ಮಗಳೇ, ನನ್ನನ್ನ ಕ್ಷಮಿಸಿದ್ಯಾ?” ಎಂದೆ.

ಅವಳು ಎಣಿಸುತ್ತಿದ್ದ ಹಾಳೆಯ ಮೇಲೆ ಬೆರಳಿಟ್ಟು ಗುರುತು ಹಿಡಿದುಕೊಂಡಳು.

“ಅರ್ಜಿ ಬಂದಿದೆ” ಎಂದಳು. “ಮುಂದಿನ ಸಭೆಗೆ ಇಡೋಣ.”

ನಗುತ್ತಾಳೇನೋ ಎಂದು ಕಾದೆ. ಅವಳು ಮತ್ತೆ ಎಣಿಸತೊಡಗಿದಳು. ಸಾಣೆಯವನು ಹನ್ನೆರಡು ವರ್ಷ ಕೇಳಿದ. ನನಗಿನ್ನೂ ಏಳನೆಯ ತಿಂಗಳು. ನಾನು ನನ್ನ ಜಾಗಕ್ಕೆ ಹೋಗಿ ಸೂಜಿಗೆ ದಾರ ಪೋಣಿಸಿಕೊಂಡು, ಅವಳು ಎಣಿಸಿ ಮುಗಿಸುವುದನ್ನು ಕಾಯುತ್ತ ಕೂತೆ.